ಮೊದಲ ಸಾಲಿಗೆ ಕಾರ್ಬನ್ ಇಲ್ಲ

"ಕಿಟಕಿ ಕಡೆ ತಿರುಗ್ರೀ," ಎಂದ ಆಂಜಿನಪ್ಪ.

ಮುನಿರತ್ನ ತಿರುಗಿದಳು. ಒಂದು ವರ್ಷ ಎರಡು ತಿಂಗಳಿಂದ, ರಜೆ ಮತ್ತು ಅವನು ಊರೂರು ತಿರುಗಲು ಹೋದ ದಿನ ಬಿಟ್ಟು ಉಳಿದೆಲ್ಲ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಹೀಗೇ ತಿರುಗುತ್ತಿದ್ದಳು. ದೇವನಹಳ್ಳಿಯ ಆ ರಸ್ತೆಯಲ್ಲಿ ಯಾವ ಬಸ್ಸು ಎಷ್ಟು ಹೊತ್ತಿಗೆ ಹೋಗುತ್ತದೆ, ಎದುರು ಮನೆಯ ಹೆಂಗಸು ಸೊಸೆಯನ್ನು ಯಾವಾಗ ಬೈಯುತ್ತಾಳೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಬೆನ್ನ ಹಿಂದೆ ಮಿಷನ್ನು ಆರು ಸಲ ಟಕ್ಕೆನ್ನುತ್ತಿತ್ತು. ಆಮೇಲೆ ಅವನು "ಆಯ್ತು" ಎನ್ನುತ್ತಿದ್ದ.

"ಇವತ್ತಾದ್ರೂ ಹೇಳ್ತೀರಾ ಆ ಪದ ಏನು ಅಂತ?"

"ಯಾವ ಪದ?"

"ನಿಮ್ಮೂರ ಹೆಸರಾ?"

ಅವನು ನಕ್ಕ.

"ನಿಮ್ಮನೆ ಎಮ್ಮೆ ಹೆಸರಾ?"

"ನಮ್ಮ ಎಮ್ಮೆಗೆ ಹೆಸರೇ ಇಲ್ಲ ಕಣ್ರೀ. ಎಮ್ಮೆ ಅಂತಲೇ ಕರೀತೀವಿ."

"ಹಾಗಾದ್ರೆ ಅಲ್ಲ ಅಂತಾಯ್ತು."

"ಅಲ್ಲ ಅಂತಾನೂ ನಾನು ಹೇಳಂಗಿಲ್ಲ," ಎಂದು ಅವನು ಕತ್ತು ಬಗ್ಗಿಸಿ ಬಾವಿಗಳ ಲೆಕ್ಕ ಹೊಡೆಯತೊಡಗಿದ. ನಗು ಮಾತ್ರ ಅವನ ಕಿವಿಯ ತನಕ ಹಾಗೇ ನಿಂತಿತ್ತು. ಅದನ್ನು ನೋಡಿಕೊಂಡೇ ಅವಳ ಬೆಳಗು ಸಾಗುತ್ತಿತ್ತು.

ಅದು ನೆಲದಡಿಯ ನೀರನ್ನು ಅಳೆಯುವ ಸರಕಾರಿ ಆಫೀಸು. ಸುತ್ತಲಿನ ತಾಲ್ಲೂಕುಗಳ ಬಾವಿಗಳಿಗೆ ಸೀಮೆಸುಣ್ಣ ಬಳಿದ ಟೇಪು ಇಳಿಬಿಟ್ಟು, ಎಲ್ಲಿಯ ತನಕ ಒದ್ದೆಯಾಯಿತೆಂದು ನೋಡಿ ಬರೆದುಕೊಂಡು ಬರುವುದು ಆಂಜಿನಪ್ಪನ ಕೆಲಸ. ಆ ಲೆಕ್ಕವನ್ನು ಬೆಂಗಳೂರಿನ ಕಂಪ್ಯೂಟರಿಗೆ ಕಳಿಸಲು ಎಪ್ಪತ್ತಾರನೇ ಇಸವಿಯ ಕೊನೆಯಲ್ಲಿ ಒಂದು ಟೆಲಿಟೈಪ್ ಮಿಷನ್ನು ಬಂತು. ಟೆಲಿಫೋನ್ ತಂತಿಯ ಆಚೆ ತುದಿಯಲ್ಲಿ ಕಂಪ್ಯೂಟರು, ಈಚೆ ತುದಿಯಲ್ಲಿ ಈ ಮಿಷನ್ನು. ಮೊದಲು, ಆಫೀಸಿನಲ್ಲಿ ಆಂಜಿನಪ್ಪನೊಬ್ಬನಿಗೇ ಗೊತ್ತಿದ್ದ ಗುಟ್ಟಿನ ಪದವೊಂದನ್ನು ಹೊಡೆಯಬೇಕು. ಆ ಪದ ಸರಿಯಿದ್ದರೆ ಮಾತ್ರ ಕಂಪ್ಯೂಟರು ಬಾಗಿಲು ತೆರೆಯುತ್ತಿತ್ತು.

ತೊಂದರೆ ಏನೆಂದರೆ, ಆ ಮಿಷನ್ನಿಗೆ ಬಾಯಿ ಕಟ್ಟುವುದೇ ಗೊತ್ತಿರಲಿಲ್ಲ. ಬೆರಳು ಒತ್ತಿದ್ದೆಲ್ಲ ಕಾಗದದ ಮೇಲೆ ಮೂಡುತ್ತಿತ್ತು. ಕಾಗದವೋ ಜೋಡಿ ಕಾಗದ, ನಡುವೆ ಕಾರ್ಬನ್. ಮೇಲಿನ ಹಾಳೆ ದಿನದಿನವೂ ಬೆಂಗಳೂರಿನ ಹೆಡ್ಡಾಫೀಸಿಗೆ ಹೋಗಬೇಕು, ಕೆಳಗಿನದು ಇಲ್ಲಿಯ ಫೈಲಿಗೆ. ಪದ ಯಾವ ಕಾಗದದ ಮೇಲೂ ಉಳಿಯಕೂಡದೆಂದು ಹುಕುಂ ಇತ್ತು. ಅದಕ್ಕೆ ಆಂಜಿನಪ್ಪ ಒಂದು ಉಪಾಯ ಕಂಡುಕೊಂಡಿದ್ದ. ಪದ ಹೊಡೆಯುವಾಗ ಮಸಿಪಟ್ಟಿಗೂ ಕಾಗದಕ್ಕೂ ನಡುವೆ ಯಾರದಾದರೂ ಲಗ್ನಪತ್ರಿಕೆ ತೂರಿಸಿ ಹಿಡಿಯುತ್ತಿದ್ದ. ಅಕ್ಷರಗಳೆಲ್ಲ ಪತ್ರಿಕೆಯ ಮೇಲೆ ಬಿದ್ದು, ಕಾಗದದ ಮೇಲೆ ಖಾಲಿ ಜಾಗ ಉಳಿಯುತ್ತಿತ್ತು. ಪತ್ರಿಕೆ ಕಪ್ಪಾದ ಮೇಲೆ ಹರಿದು ಟೀ ಕಾಯಿಸುವ ಸ್ಟವ್ವಿಗೆ ಹಾಕುತ್ತಿದ್ದ.

"ಊರವರ ಮದುವೆಯೆಲ್ಲ ನಿಮ್ಮ ಮಿಷನ್ನಿಗೇ ಆಗ್ತಿದೆ," ಎಂದು ಮುನಿರತ್ನ ಒಮ್ಮೆ ರೇಗಿಸಿದ್ದಳು.

"ಒಂದಿನ ನಂದೇ ಪತ್ರಿಕೆ ಸಿಗುತ್ತೆ ಬಿಡ್ರೀ," ಎಂದು ಅವನು ಅವಳ ಮುಖವನ್ನು ಅಗತ್ಯಕ್ಕಿಂತ ಒಂದು ಕ್ಷಣ ಹೆಚ್ಚು ನೋಡಿದ್ದ. ಆ ಒಂದು ಕ್ಷಣವನ್ನು ಅವಳು ನಲ್ಲೂರಿನ ಮನೆಗೆ ಕೊಂಡೊಯ್ದು ಹದಿನೈದು ದಿನ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಫೈಲು ಅವಳ ಜವಾಬ್ದಾರಿ. ಕೆಲಸಕ್ಕೆ ಸೇರಿದ ಮೊದಲ ದಿನ ಅವನು, "ಮೊದಲ ಸಾಲು ಮಾತ್ರ ನೋಡ್ಬೇಡಿ," ಎಂದಿದ್ದ. ಮಿಷನ್ನಿನ ಎದುರಿಗೆ ನಿಂತಾಗ ನೋಡಬೇಡಿ ಎಂಬುದು ಅವನ ಅರ್ಥ. ಇವಳು ಅದನ್ನು ಹರಕೆಯ ಹಾಗೆ ಹಿಡಿದಳು. ಕೆಳಗಿನ ಹಾಳೆ ಕೈಗೆ ಬಂದ ಕೂಡಲೇ, ಕಣ್ಣು ಬೇರೆಡೆ ಇಟ್ಟು, ಮೇಲಿನ ಎರಡು ಬೆರಳಗಲ ಕಾಗದವನ್ನು ಹಿಂದಕ್ಕೆ ಮಡಿಸಿ ಫೈಲಿಗೆ ಪೋಣಿಸುತ್ತಿದ್ದಳು. ಯಾರೂ ಹೇಳದ ಈ ಮಡಿಕೆಯ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಹೀಗಿರುವಾಗ ಎಪ್ಪತ್ತೆಂಟರ ಜನವರಿ ಕೊನೆಯಲ್ಲಿ ಹೆಡ್ಡಾಫೀಸಿನಿಂದ ಗಂಗಲಕ್ಷ್ಮಿ ಬಂದಳು. ಹಳೆಯ ಲೆಕ್ಕಗಳಲ್ಲಿನ ತಪ್ಪು ತಿದ್ದಲು ಮೂರು ತಿಂಗಳ ಮಟ್ಟಿಗೆ ಕಳಿಸಿದ್ದರು. ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಳ್ಳುತ್ತಿದ್ದಳು. ಆಂಜಿನಪ್ಪನನ್ನು ಬರೀ "ಆಂಜಿನಪ್ಪ" ಎಂದು ಕರೆಯುತ್ತಿದ್ದಳು. ಮುನಿರತ್ನ ಇಷ್ಟು ದಿನವಾದರೂ "ಅವರೇ" ಸೇರಿಸದೆ ಆ ಹೆಸರನ್ನು ಬಾಯಿಗೆ ತಂದವಳಲ್ಲ. ಬಂದ ಎರಡನೇ ದಿನವೇ ಗಂಗಲಕ್ಷ್ಮಿ ಅವನ ಜೇಬಿನ ಪೆನ್ಸಿಲನ್ನು ಕೇಳದೆ ಎತ್ತಿಕೊಂಡಳು.

ಪೆನ್ಸಿಲು ಹೋದದ್ದು ಅವನ ಜೇಬಿನಿಂದ. ಉರಿದದ್ದು ಮುನಿರತ್ನಳ ಹೊಟ್ಟೆ.

ಇಬ್ಬರೂ ಮಿಷನ್ನಿನ ಮುಂದೆ ಕುರ್ಚಿ ಹಾಕಿಕೊಂಡು ಇಂಗ್ಲಿಷಿನಲ್ಲಿ ಏನೇನೋ ಮಾತಾಡುತ್ತಿದ್ದರು. ಅವಳು ಏನೋ ಹೇಳಿದರೆ ಅವನು ಕತ್ತು ಹಿಂದಕ್ಕೆ ಚೆಲ್ಲಿ ನಗುತ್ತಿದ್ದ. ತನ್ನ ಮಾತಿಗೆ ಅವನು ಯಾವತ್ತಾದರೂ ಅಷ್ಟು ದೊಡ್ಡದಾಗಿ ನಕ್ಕಿದ್ದನೇ ಎಂದು ಮುನಿರತ್ನ ನೆನಪು ಮಾಡಿಕೊಂಡಳು. ಎಮ್ಮೆಯ ಹೆಸರಿಗೆ ನಕ್ಕಿದ್ದ, ಆದರೆ ಕತ್ತು ಹಿಂದಕ್ಕೆ ಹೋಗಿರಲಿಲ್ಲ. ತಾನು ಇಂಥದ್ದನ್ನೆಲ್ಲ ಅಳೆಯುತ್ತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ಅಳೆಯುವುದನ್ನು ಬಿಡಲಿಲ್ಲ.

"ನಿಮಗೇನಾಗಿದೆ? ಮೂರು ದಿನದಿಂದ ಎಮ್ಮೆ ವಿಚಾರಿಸ್ಲೇ ಇಲ್ಲ," ಎಂದ ಅವನು.

"ಕೆಲಸ ಇದೆ."

"ಮುಖ ಯಾಕೆ ಹಾಗಿದೆ?"

"ನಮ್ಮ ಕಡೆ ಎಲ್ರಿಗೂ ಹೀಗೇ ಇರುತ್ತೆ," ಎಂದು ಅವಳು ಕಿಟಕಿಗೆ ತಿರುಗಿದಳು. ಅವನಿನ್ನೂ ಪತ್ರಿಕೆ ಕೈಗೆ ತೆಗೆದುಕೊಂಡಿರಲಿಲ್ಲ.

ಫೆಬ್ರವರಿಯ ಮೂರನೇ ಬುಧವಾರ ಆಂಜಿನಪ್ಪ ನೆಲಮಂಗಲದ ಕಡೆ ಬಾವಿ ಅಳೆಯಲು ಹೋಗಿದ್ದ. ಮುನಿರತ್ನ ಊಟದ ಡಬ್ಬಿ ತೊಳೆದುಕೊಂಡು ಒಳಗೆ ಬಂದಾಗ ಮಿಷನ್ನು ಬಡಿದುಕೊಳ್ಳುತ್ತಿತ್ತು. ಗಂಗಲಕ್ಷ್ಮಿ ಒಬ್ಬಳೇ ಕುಳಿತಿದ್ದಳು. ಪತ್ರಿಕೆಯೂ ಇಲ್ಲ, ಗಿತ್ರಿಕೆಯೂ ಇಲ್ಲ. ಕಂಪ್ಯೂಟರು ಬಾಗಿಲು ತೆರೆದಿತ್ತು, ಸಾಲುಸಾಲಾಗಿ ಅಂಕಿಗಳು ಬರುತ್ತಿದ್ದವು. ಗಂಗಲಕ್ಷ್ಮಿ ತಲೆಯೆತ್ತಿ, "ನಾಳೆ ನಾಡಿದ್ದು ಬೆಂಗಳೂರಲ್ಲಿರ್ತೀನಿ, ಅದಕ್ಕೇ ಇವತ್ತೇ ಮುಗಿಸ್ಬಿಟ್ಟೆ," ಎಂದಳು.

ಮುನಿರತ್ನಳ ಕೈಯಲ್ಲಿದ್ದ ಡಬ್ಬಿಯಿಂದ ನೀರು ಸೀರೆಯ ಮೇಲೆ ಸುರಿಯುತ್ತಿತ್ತು. ವರ್ಷಕ್ಕೂ ಹೆಚ್ಚು ಕಾಲ ತನ್ನ ಮುಖವನ್ನು ಕಿಟಕಿಗೆ ತಿರುಗಿಸಿ ನಿಲ್ಲಿಸಿದವನು, ಎರಡು ವಾರದ ಹಿಂದೆ ಬಂದವಳಿಗೆ ಪದ ಹೇಳಿಬಿಟ್ಟಿದ್ದಾನೆ. ಅವಳು ಅಲ್ಲಿಯ ತನಕ ಆ ಪದ ಬೇಕೆಂದು ನಿಜವಾಗಿ ಆಸೆಪಟ್ಟವಳಲ್ಲ. ಯಾರಿಗೂ ಹೇಳದವನು ತನಗೂ ಹೇಳುವುದಿಲ್ಲ ಎಂಬುದೇ ಅವಳಿಗೆ ಇಷ್ಟವಾಗಿತ್ತು. ಈಗ ಅದು ತನಗೆ ಮಾತ್ರ ಹೇಳದ ಪದವಾಗಿತ್ತು.

ಆ ದಿನದ ಕೆಳಗಿನ ಹಾಳೆ ಅವಳ ಕೈಗೆ ಬಂತು. ಮೊದಲ ಸಾಲು ಅಲ್ಲೇ ಇತ್ತು, ಕಣ್ಣು ಹಾಯಿಸಿದರೆ ಸಾಕಿತ್ತು. ಇನ್ನೊಬ್ಬಳಿಗೆ ಬಡಿಸಿ ಆದ ಮೇಲೆ ಉಳಿದ ಎಂಜಲು ತನಗೇಕೆ ಎಂದುಕೊಂಡಳು. ಎಂದಿನಂತೆ ಎರಡು ಬೆರಳಗಲ ಹಿಂದಕ್ಕೆ ಮಡಿಸಿದಳು. ಉಗುರಿನಿಂದ ಎಷ್ಟು ಬಲವಾಗಿ ಗೀರಿದಳೆಂದರೆ ಕಾಗದ ಅಲ್ಲಲ್ಲಿ ಹರಿಯಿತು.

ಅಂದು ಸಂಜೆ ನಲ್ಲೂರಿನ ಮನೆಯಲ್ಲಿ ತಾಯಿ ಪಿಳ್ಳಮ್ಮ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು.

"ಅನುಗೊಂಡನಹಳ್ಳಿಯವರು ಭಾನುವಾರ ಹನ್ನೊಂದು ಗಂಟೆಗೆ ನೋಡೋಕೆ ಬರ್ತೀವಿ ಅಂದವ್ರೆ. ನೀನು ಈ ಸಲಾನೂ ತಲೆನೋವು ಅಂತ ಮಲ್ಕೊಂಡ್ರೆ ನಾನು ಸುಮ್ನಿರಾಕಿಲ್ಲ ಕಣೇ."

"ಬರ್ಲಿ."

ಪಿಳ್ಳಮ್ಮ ಜಜ್ಜುವುದನ್ನು ನಿಲ್ಲಿಸಿದಳು. "ಏನಂದೆ?"

"ಬರ್ಲಿ ಅಂದೆ. ಹುಡುಗ ಒಪ್ಪಿದ್ರೆ ನಾನೂ ಒಪ್ತೀನಿ."

"ಆಫೀಸಲ್ಲಿ ಏನಾಯ್ತು?"

"ಆಫೀಸಲ್ಲಿ ಏನಾಗುತ್ತೆ? ಬಾವಿ ಅಳೀತಾರೆ," ಎಂದು ಮುನಿರತ್ನ ತಾಯಿಯ ಪಕ್ಕ ಕುಳಿತು ಹಣ್ಣು ಜಜ್ಜತೊಡಗಿದಳು. ಬೀಜ ಯಾವುದು ಹಣ್ಣು ಯಾವುದು ಎಂದು ನೋಡಲಿಲ್ಲ.

ಶುಕ್ರವಾರ ಮೇಲಧಿಕಾರಿ ವೆಂಕಟರಮಣಪ್ಪನವರಿಗೆ ಹೆಡ್ಡಾಫೀಸಿನಿಂದ ಕಾಗದ ಬಂತು. ಬುಧವಾರದ ಹಾಳೆಯ ಮೊದಲ ಸಾಲಿನಲ್ಲಿ ಗುಟ್ಟಿನ ಪದ ಢಾಳಾಗಿ ಅಚ್ಚಾಗಿದೆ, ಆ ದಿನ ಆಂಜಿನಪ್ಪ ಊರಲ್ಲೇ ಇರಲಿಲ್ಲ, ಹಾಗಾದರೆ ಪದವನ್ನು ಹೊರಗೆ ಬಿಟ್ಟವರು ಯಾರು ಎಂದು ಕೇಳಿದ್ದರು. ಶನಿವಾರ ಮಧ್ಯಾಹ್ನದ ಟಪಾಲಿಗೆ ಉತ್ತರ ಹೋಗಬೇಕಿತ್ತು. ತಪ್ಪು ಆಂಜಿನಪ್ಪನದಾದರೆ ಅವನನ್ನು ರಾಯಚೂರಿಗೆ ವರ್ಗ ಮಾಡುವುದಾಗಿಯೂ ಬರೆದಿದ್ದರು.

ವೆಂಕಟರಮಣಪ್ಪನವರು ಆಂಜಿನಪ್ಪ, ಮುನಿರತ್ನ ಇಬ್ಬರನ್ನೂ ಕೋಣೆಗೆ ಕರೆದರು.

"ನಾನು ಯಾರಿಗೂ ಹೇಳಿಲ್ಲ ಸಾರ್," ಎಂದ ಆಂಜಿನಪ್ಪ.

"ಬುಧವಾರ ಮಿಷನ್ ಮುಂದೆ ಯಾರಿದ್ರಮ್ಮಾ?"

"ಗಂಗಲಕ್ಷ್ಮಿ ಅವರು ಸಾರ್," ಎಂದಳು ಮುನಿರತ್ನ. ಅಲ್ಲಿಗೇ ನಿಲ್ಲಿಸಬಹುದಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಅಷ್ಟೇ. ಆದರೆ ಪೆನ್ಸಿಲು, ನಗು, ಅವನ ಹಿಂದಕ್ಕೆ ಹೋದ ಕತ್ತು, ಎಲ್ಲ ಒಟ್ಟಿಗೆ ನಾಲಿಗೆಗೆ ಬಂದವು. "ಅವ್ರಿಗೆ ಇವರೇ ಹೇಳಿದಾರೆ ಸಾರ್."

"ನೀವು ಕೇಳಿಸ್ಕೊಂಡ್ರಾ?"

"ಹೇಳ್ದೆ ಅವ್ರಿಗೆ ಹ್ಯಾಗೆ ಗೊತ್ತಾಗುತ್ತೆ?"

ಆಂಜಿನಪ್ಪ ಅವಳ ಕಡೆ ನೋಡಿದ. ಕೋಪವಿದ್ದಿದ್ದರೆ ಅವಳು ಎದುರಿಸುತ್ತಿದ್ದಳು. ಅವನು ಯಾವುದೋ ಬಾವಿಯಲ್ಲಿ ನೀರು ಇರಬೇಕಾದಷ್ಟು ಇಲ್ಲವಲ್ಲ ಎಂದು ಟೇಪನ್ನು ಎರಡನೇ ಸಲ ನೋಡುವವನಂತೆ ನೋಡಿದ. ಆಮೇಲೆ ಹೊರಗೆ ಹೋದ.

ಶನಿವಾರ ಬೆಳಿಗ್ಗೆ ಗಂಗಲಕ್ಷ್ಮಿ ಬೆಂಗಳೂರಿನಿಂದ ಮೊದಲ ಬಸ್ಸಿಗೆ ಬಂದಳು. ಚೀಲವನ್ನು ಮೇಜಿನ ಮೇಲೆ ಎಸೆದು ನೇರವಾಗಿ ಮುನಿರತ್ನಳ ಮುಂದೆ ನಿಂತಳು.

"ಆಂಜಿನಪ್ಪ ನನಗೆ ಹೇಳಿದ್ರು ಅಂತ ನೀವು ಹೇಳಿದ್ರಂತೆ?"

"ಹೇಳಿಲ್ವಾ?"

"ಅವರ ಬಾಯಿ ಬಿಡಿಸೋಕೆ ಆಗುತ್ತೇನ್ರೀ? ಬಂದ ದಿನಾನೇ ಕೇಳಿದ್ದೆ. ಕಿಟಕಿ ಕಡೆ ತಿರುಗಿ ಅಂದ್ರು." ಗಂಗಲಕ್ಷ್ಮಿಗೆ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು. "ಅದು ನಿಮ್ಮ ಫೈಲಲ್ಲೇ ಇದ್ಯಲ್ಲ. ಹೋದ ವರ್ಷದ ಲೆಕ್ಕ ಹುಡುಕ್ತಾ ಒಂದು ಹಾಳೆ ಬಿಡಿಸಿದೆ, ಮೇಲೇ ಇತ್ತು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

"ನನ್ನ ಫೈಲಲ್ಲಾ?"

"ಪತ್ರಿಕೆ ಹಿಡಿಯೋದು ತಪ್ಪು ಅಂತಲ್ಲ. ಮೇಲಿನ ಹಾಳೆಗೆ ಮಸಿ ತಾಗಲ್ಲ, ನಿಜ. ಆದ್ರೆ ಮಿಷನ್ ಹೊಡೆಯೋ ಏಟು ಎಲ್ಲಿ ಹೋಗುತ್ತೆ? ಪತ್ರಿಕೆ ದಾಟಿ ಕಾರ್ಬನ್ನಿಗೆ ಬೀಳುತ್ತೆ. ನಮ್ಮ ಹೆಡ್ಡಾಫೀಸಿನ ಮಿಷನ್ನಲ್ಲಿ ಗುಟ್ಟಿನ ಪದ ಹೊಡೆದ್ರೆ ಕಾಗದದ ಮೇಲೆ ಕಾಣಿಸೋದೇ ಇಲ್ಲ. ಅದೇ ಅಭ್ಯಾಸದಲ್ಲಿ ಬುಧವಾರ ನಾನು ಪತ್ರಿಕೆ ಹಿಡಿಯೋದೂ ಮರೆತೆ. ಅದು ನನ್ನ ತಪ್ಪು, ಒಪ್ಕೋತೀನಿ."

ಗಂಗಲಕ್ಷ್ಮಿ ಹೋದ ಮೇಲೆ ಮುನಿರತ್ನ ಫೈಲು ತೆಗೆದು ಕುಳಿತಳು. ಮೊದಲ ಮಡಿಕೆಯನ್ನು ಬಿಡಿಸಿದಳು. ಮಸುಕು ನೀಲಿಯಲ್ಲಿ, ಆದರೆ ಓದಲು ಏನೂ ಕಷ್ಟವಿಲ್ಲದಂತೆ, ಆರು ಇಂಗ್ಲಿಷ್ ಅಕ್ಷರಗಳಿದ್ದವು. ಎರಡನೇ ಹಾಳೆಯಲ್ಲೂ ಅದೇ, ಮೂರನೆಯದರಲ್ಲೂ ಅದೇ. ಹೆಡ್ಡಾಫೀಸಿನವರು ಕೊಟ್ಟ ಪದ: ಬಕೆಟ್.

ಇಷ್ಟು ದಿನ ಅವಳು ಹೊಟ್ಟೆಕಿಚ್ಚು ಪಟ್ಟದ್ದು ಒಂದು ಬಕೆಟ್ಟಿಗೆ. ನಗಬೇಕೆನಿಸಿತು, ಆದರೆ ಬಂದದ್ದು ಅಳು. ಅವಳು ನಿಯತ್ತಿನಿಂದ ಮಡಿಸಿಟ್ಟ ಒಂದೊಂದು ಹಾಳೆಯೂ ಗುಟ್ಟನ್ನು ಅವಳೊಬ್ಬಳಿಂದ ಮಾತ್ರ ಮುಚ್ಚಿಟ್ಟಿತ್ತು. ನೋಡದೆ ಇದ್ದವಳು ಅವಳೇ, ನೋಡಿದೆನೆಂಬಂತೆ ಹೇಳಿದವಳೂ ಅವಳೇ. ಟಪಾಲಿಗೆ ಇನ್ನು ಎರಡು ಗಂಟೆ ಇತ್ತು. ಫೈಲು ತೋರಿಸಿದರೆ ಮೊದಲ ಬೈಗುಳ ಫೈಲಿನವಳಿಗೇ ಎಂದು ಗೊತ್ತಿತ್ತು. ಅವಳು ಮುಖ ಒರೆಸಿಕೊಂಡು, ಅಷ್ಟೂ ಕಾಗದವನ್ನು ಎದೆಗವಚಿಕೊಂಡು ಕೋಣೆಗೆ ಹೋದಳು.

"ನಿನ್ನೆ ನಾನು ಹೇಳಿದ್ದು ಸುಳ್ಳು ಸಾರ್. ಪದ ಹೊರಗೆ ಹೋಗಿದ್ದು ನನ್ನ ಫೈಲಿಂದ."

ವೆಂಕಟರಮಣಪ್ಪನವರು ಕನ್ನಡಕ ಏರಿಸಿ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಆಂಜಿನಪ್ಪನನ್ನು ಕರೆಸಿ, ಲಗ್ನಪತ್ರಿಕೆ ಹಿಡಿಸಿ ತಮ್ಮ ಎದುರಿಗೇ ಹೊಡೆಸಿ ನೋಡಿದರು. ಕೆಳಗಿನ ಹಾಳೆಯಲ್ಲಿ ನೀಲಿ ಅಕ್ಷರ ಮೂಡಿತು. "ಇಷ್ಟು ದಿನ ಒಬ್ರಿಗೂ ಹೊಳೀಲಿಲ್ವಲ್ಲಪ್ಪ," ಎಂದರು. ನನಗೂ ಹೊಳೆಯಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ಹೆಡ್ಡಾಫೀಸಿಗೆ ಟೆಲಿಫೋನ್ ಮಾಡಿ ಎಲ್ಲ ವಿವರಿಸಿದರು. ರಾಯಚೂರಿನ ಮಾತು ಅಲ್ಲಿಗೇ ನಿಂತಿತು. ಹೊಸ ಪದ ಆಂಜಿನಪ್ಪನ ಕಿವಿಗೆ ಬಿತ್ತು, ಹಳೆಯ ಹಾಳೆಗಳ ತಲೆಗಳನ್ನೆಲ್ಲ ಕತ್ತರಿಸಿ ಸುಡುವ ಶಿಕ್ಷೆ ಮುನಿರತ್ನಳಿಗೆ ಬಿತ್ತು.

ಹೊಸ ನಿಯಮವೂ ಆಯಿತು. ಮೊದಲ ಸಾಲಿಗೆ ಕಾರ್ಬನ್ ಇಲ್ಲ. ಪದ ಹೊಡೆದಾದ ಮೇಲೆಯೇ ಎರಡು ಹಾಳೆಗಳ ನಡುವೆ ಕಾರ್ಬನ್ ಇಳಿಬಿಡಬೇಕು. ಒಬ್ಬ ಪತ್ರಿಕೆ ಹಿಡಿದು ಹೊಡೆಯುವಾಗ ಹಾಳೆಗಳನ್ನು ಬಿಡಿಸಿ ಹಿಡಿಯಲು ಇನ್ನೊಬ್ಬರ ಕೈ ಬೇಕೇ ಬೇಕು. "ನೀವೇ ಹಿಡೀರಮ್ಮ," ಎಂದರು ಅವರು.

ಹೀಗೆ ಹನ್ನೊಂದೂವರೆಗೆ ಇಬ್ಬರೂ ಮಿಷನ್ನಿನ ಮುಂದೆ, ಒಂದು ಮೊಳವೂ ಅಂತರವಿಲ್ಲದೆ ನಿಂತರು. ಅವಳು ಎರಡೂ ಕೈಯಲ್ಲಿ ಹಾಳೆಗಳನ್ನು ಬಿಡಿಸಿ ಹಿಡಿದಿದ್ದಳು. ಅವನ ಬೆರಳ ಸಂದಿಯಲ್ಲಿ ಟೇಪಿನ ಸೀಮೆಸುಣ್ಣ ಇನ್ನೂ ಉಳಿದಿತ್ತು.

"ನನ್ನನ್ನೇ ಕೇಳ್ಬೋದಿತ್ತು," ಎಂದ ಅವನು.

"ಕೇಳಿದ್ರೆ ಹೇಳ್ತಿದ್ರಾ?"

"ಪದ ಹೇಳ್ತಿರ್ಲಿಲ್ಲ. ಯಾರಿಗೂ ಹೇಳಿಲ್ಲ ಅನ್ನೋದನ್ನ ಹೇಳ್ತಿದ್ದೆ."

ಅವಳು ಹಾಳೆಗಳನ್ನೇ ನೋಡುತ್ತ, "ನಂಗೆ ಹೊಟ್ಟೆಕಿಚ್ಚಾಗಿತ್ತು," ಎಂದಳು. ಹೇಳಿದ ಮೇಲೆ ಅರ್ಧ ಹೇಳಿ ನಿಲ್ಲಿಸುವುದು ಸರಿಯಲ್ಲವೆನಿಸಿತು. "ನೀವು ಅವರ ಜೊತೆ ಕೂತ್ಕೊಂಡ್ರೆ ಹೊಟ್ಟೆಕಿಚ್ಚು. ನಕ್ರೆ ಹೊಟ್ಟೆಕಿಚ್ಚು. ಆ ಪೆನ್ಸಿಲಿಗೂ ಹೊಟ್ಟೆಕಿಚ್ಚು."

"ಪೆನ್ಸಿಲಿಗಾ?"

"ನಗ್ಬೇಡಿ. ನಿಮ್ಮನ್ನ ರಾಯಚೂರಿಗೆ ಕಳಿಸ್ತಿದ್ದೆ ನಾನು."

ಅವನು ನಗಲಿಲ್ಲ. "ನಿಮಗೆ ಯಾಕೆ ಹೇಳ್ತಿರ್ಲಿಲ್ಲ ಗೊತ್ತಾ? ಯಾರಾದ್ರೂ ಕೇಳಿದ್ರೆ ನೀವು ಗೊತ್ತಿಲ್ಲ ಅನ್ಬೇಕಾಗ್ತಿತ್ತು. ನಿಮ್ಗೆ ಸುಳ್ಳು ಹೇಳೋಕೆ ಬರಲ್ಲ. ನಿನ್ನೆ ಹೇಳಿದ್ದೂ ಸುಳ್ಳಲ್ಲ, ನೀವು ನಂಬಿದ್ದನ್ನೇ ಹೇಳಿದ್ರಿ. ಅದೇ ನಂಗೆ ಹೆಚ್ಚು ನೋವಾಗಿದ್ದು." ಆಮೇಲೆ ಕೇಳಿದ, "ನಾಳೆ ನಿಮ್ಮನೇಲಿ ಏನೋ ಇದೆಯಂತೆ? ಬಸ್ಸಲ್ಲಿ ನಿಮ್ಮೂರವರು ಹೇಳ್ತಿದ್ರು."

"ಅನುಗೊಂಡನಹಳ್ಳಿಯಿಂದ ಬರ್ತಾರೆ. ಹೊಟ್ಟೆಕಿಚ್ಚಲ್ಲೇ ಹೂಂ ಅಂದ್ಬಿಟ್ಟೆ."

ಆಂಜಿನಪ್ಪ ಜೇಬಿನಿಂದ ಹೊಸ ಪತ್ರಿಕೆ ತೆಗೆದು, ಅಚ್ಚಿಲ್ಲದ ಬೆನ್ನನ್ನು ಮುಂದೆ ಮಾಡಿ ಮಸಿಪಟ್ಟಿಯ ಹಿಂದೆ ತೂರಿಸಿದ.

"ಕಿಟಕಿ ಕಡೆ ತಿರುಗ್ರೀ."

ಅವಳು ಕತ್ತನ್ನು ಮಾತ್ರ ತಿರುಗಿಸಿದಳು. ಬೆರಳು ಬಡಿಯತೊಡಗಿತು. ಆರು ದಾಟಿತು, ಹತ್ತು ದಾಟಿತು, ಇಪ್ಪತ್ತೂ ದಾಟಿತು. ಬೆಂಗಳೂರಿನವರು ಎಂಥ ಉದ್ದನೆಯ ಪದ ಕೊಟ್ಟಿದ್ದಾರಪ್ಪ ಎಂದುಕೊಂಡಳು. ಕೊನೆಗೆ ಅವನು ಪತ್ರಿಕೆ ಎಳೆದುಕೊಂಡ ಮೇಲೆ ಕಂಪ್ಯೂಟರು ಪದ ತಪ್ಪಾಗಿದೆ ಎಂದು ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಹೊಡೆದು ನಿಂತಿತು. ಮಿಷನ್ನು ಬಂದಂದಿನಿಂದ ಆಂಜಿನಪ್ಪನ ಕೈಯಲ್ಲಿ ಅದು ಮೊದಲ ತಪ್ಪು.

ಅವನು ಆ ಪತ್ರಿಕೆಯನ್ನು ಅವಳ ಮುಂದೆ ಹಿಡಿದ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಇತ್ತು: ನಾಳೆ ನಮ್ಮಮ್ಮನ ಕರ್ಕೊಂಡು ನಿಮ್ಮನೆಗೆ ಬರಲಾ. ಹಾಳೆಯ ಮೇಲೆ ಕಂಪ್ಯೂಟರಿನ ಸಾಲು ಬಿಟ್ಟು ಬೇರೇನೂ ಇರಲಿಲ್ಲ. ಅವಳು ಎರಡು ಸಲ ಓದಿದಳು. ಮೂರನೇ ಸಲ ಓದಲು ಕಣ್ಣು ಸಹಕರಿಸಲಿಲ್ಲ.

"ಹಾಳೆ ಹಿಡ್ಕೊಳ್ಳಿ," ಎಂದಳು. ಅವನು ಹಿಡಿದುಕೊಂಡ. ಅವಳು ಪತ್ರಿಕೆಯನ್ನು ತಾನೇ ತೂರಿಸಿದಳು. "ಈಗ ನೀವು ಕಿಟಕಿ ಕಡೆ ತಿರುಗ್ರೀ."

ಅವನು ತಿರುಗಿದ. ಹೊರಗೆ ವಿಜಯಪುರದ ಬಸ್ಸು ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಅವಳು ಒಂದೇ ಬೆರಳಲ್ಲಿ, ಒಂದೊಂದು ಅಕ್ಷರವನ್ನೂ ಹುಡುಕಿ ಹುಡುಕಿ ಹೊಡೆದಳು. ಕಂಪ್ಯೂಟರು ಮತ್ತೆ ತಪ್ಪೆಂದಿತು. ಪತ್ರಿಕೆಯ ಮೇಲೆ ಅವನ ಸಾಲಿನ ಕೆಳಗೆ ಅವಳ ಸಾಲು ಮೂಡಿತ್ತು: ಹತ್ತರೊಳಗೆ ಬನ್ನಿ, ಅವರು ಹನ್ನೊಂದಕ್ಕೆ ಬರ್ತಾರೆ.

ಅವನು ಕತ್ತು ಹಿಂದಕ್ಕೆ ಚೆಲ್ಲಿ ನಕ್ಕ. ಅವಳು ಅದನ್ನು ಅಳೆದು ನೋಡಿದಳು. ಗಂಗಲಕ್ಷ್ಮಿಯ ಮಾತಿಗೆ ನಕ್ಕದ್ದಕ್ಕಿಂತ ದೊಡ್ಡದೇ ಇತ್ತು.

ಮಧ್ಯಾಹ್ನ ಟಪಾಲಿಗೆ ಸಹಿ ಹಾಕುವ ಮೊದಲು ವೆಂಕಟರಮಣಪ್ಪನವರು ಆ ದಿನದ ಹಾಳೆ ಹಿಡಿದುಕೊಂಡು ಹೊರಗೆ ಬಂದರು. ಪದ ಎಲ್ಲೂ ಅಚ್ಚಾಗಿರಲಿಲ್ಲ. ಆದರೆ ಎರಡು ಸಲ ತಪ್ಪು ಬಿದ್ದದ್ದು ಇತ್ತು.

"ಇದೇನಮ್ಮಾ?"

"ಬೆರಳು ಜಾರ್ತು ಸಾರ್," ಎಂದಳು ಮುನಿರತ್ನ.

"ಎರಡು ಸಲಾನೂ?"

"ಒಂದ್ಸಲ ಅವರ್ದು ಸಾರ್. ಒಂದ್ಸಲ ನಂದು."

ಅವರು ಅವಳ ಕೆಂಪಾದ ಮುಖವನ್ನೂ, ಟೀ ಸ್ಟವ್ವಿಗೆ ಹೋಗಬೇಕಿದ್ದ ಪತ್ರಿಕೆಯ ತುದಿ ಅವಳ ಕೈಚೀಲದಿಂದ ಇಣುಕುತ್ತಿದ್ದುದನ್ನೂ ನೋಡಿದರು. ಆಮೇಲೆ ಆಂಜಿನಪ್ಪನ ಕಡೆ ನೋಡಿದರು. ಅವನು, ಯಾರೂ ಹೇಳದಿದ್ದರೂ, ಕಿಟಕಿಯ ಕಡೆ ತಿರುಗಿ ನಿಂತಿದ್ದ.